ಕಪಾಟಿನ ಬದಿಯ ಎರಡೂವರೆ ಅಡಿ

ನನ್ನ ಮಗಳಿಗೆ ಆಡಲೆಂದು ನಾನು ಹೋರಾಡಿ ಗಿಟ್ಟಿಸಿದ ಜಾಗ ಎರಡೂವರೆ ಅಡಿ ಅಗಲ, ನಾಲ್ಕಡಿ ಉದ್ದ ಇತ್ತು. ಡೊಂಬಿವಲಿ ಪೂರ್ವದ ನಮ್ಮ ಒನ್ ರೂಮ್ ಕಿಚನ್ ಮನೆಯಲ್ಲಿ, ಕಬ್ಬಿಣದ ಕಪಾಟಿಗೂ ಕಿಟಕಿಯ ಗೋಡೆಗೂ ನಡುವಿನ ಸಂದು ಅದು. ಅದನ್ನು ಉಳಿಸಿಕೊಳ್ಳಲು ನಾನು ಹೇಳಬೇಕಾದ ಒಂದು ಮಾತನ್ನು ಹೇಳದೆ ನುಂಗಿಕೊಂಡೆ. ಹಾಗೆ ನುಂಗಿಕೊಂಡದ್ದರಿಂದಲೇ ಜಾಗ ಹೋಯಿತು, ಮಗಳ ಆಟವೂ ಹೋಯಿತು. ಇದರಲ್ಲಿ ಯಾರನ್ನು ಬೈಯಬೇಕೆಂದು ಇಷ್ಟು ವರ್ಷ ಹುಡುಕಿದ್ದೇನೆ. ನನ್ನನ್ನು ಬಿಟ್ಟರೆ ಬೈಯಲು ಯೋಗ್ಯರು ಯಾರೂ ಸಿಕ್ಕಿಲ್ಲ.

ಮನೆಯಲ್ಲಿ ಐದು ಜನ. ಅತ್ತೆ, ನನ್ನ ಗಂಡ, ಮದುವೆಯಾಗದ ಮೈದುನ, ನಾನು, ಆರು ವರ್ಷದ ಮಗಳು. ಮಾವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಗಂಡನಿಗೆ ನವಿಮುಂಬಯಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ವಾರ ಬಿಟ್ಟು ವಾರ ಹಗಲಿಡೀ ಮಂಚದ ಮೇಲೆ ನಿದ್ದೆ, ಆಗ ಮನೆಯಲ್ಲಿ ಚಮಚ ಬಿದ್ದರೂ ಅಪರಾಧ. ಮೈದುನ ಉಲ್ಹಾಸನಗರದಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದ. ಮನೆಗೆ ಬಂದರೆ ಟೀವಿಯ ಮುಂದೆ ಕೂರುತ್ತಿದ್ದ. ಅಡುಗೆಮನೆ ಅತ್ತೆಯ ರಾಜ್ಯ. ಹೊರಗೆ ಪ್ಯಾಸೇಜಿನಲ್ಲಿ ಆಡಿದರೆ ಎದುರುಮನೆಯವರು ಬಾಗಿಲು ತೆರೆದು ಮುಖ ಗಂಟಿಕ್ಕುತ್ತಿದ್ದರು. ಕೆಳಗೆ ಕಾಂಪೌಂಡಿನ ತುಂಬ ಮೋಟಾರ್‌ಸೈಕಲ್ಲುಗಳು. ಹೀಗಾಗಿ ನನ್ನ ಮಗಳು ದಿನವಿಡೀ ಕೇಳುತ್ತಿದ್ದ ಮಾತು ಒಂದೇ, "ಆಚೆ ಹೋಗು." ಆಚೆ ಎಂದರೆ ಎಲ್ಲಿ ಎಂದು ಯಾರೂ ಹೇಳುತ್ತಿರಲಿಲ್ಲ.

ಅವಳಿಗೆ ಗೊಂಬೆ, ಆಟಿಕೆ ಏನೂ ಬೇಕಿರಲಿಲ್ಲ. ಹಳೆಯ ಬೆಲ್ಟೊಂದು ಸಿಕ್ಕಿದರೆ ಅದು ಹಾವೂ ಆಗುತ್ತಿತ್ತು, ಹಳಿಯೂ ಆಗುತ್ತಿತ್ತು. ಬೇಕಾದದ್ದು ಯಾರ ಕಾಲಿಗೂ ಅಡ್ಡಬಾರದ ಒಂದು ಮೂಲೆ ಮಾತ್ರ. ಒಂದು ದಿನ ನಾನು ಠಾಣೆಯ ಆಫೀಸಿನಿಂದ ಬಂದು ನೋಡಿದರೆ ಅವಳು ಬಚ್ಚಲುಮನೆಯಲ್ಲಿ ಬಕೆಟ್ ಕವುಚಿ ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು, ಪಿಸುದನಿಯಲ್ಲಿ ಯಾರಿಗೋ ಪಾಠ ಹೇಳಿಕೊಡುತ್ತಿದ್ದಳು. ಫ್ರಾಕಿನ ಅಂಚು ಒದ್ದೆಯಾಗಿತ್ತು. ಮುಂದಿನ ಭಾನುವಾರ ಕಪಾಟಿನ ಬದಿಯ ಸಂದಿಗೆ ಕೈಹಾಕಿದೆ.

ಅಲ್ಲಿ ಊರಿಂದ ಬಂದ ಕುಚ್ಚಲಕ್ಕಿಯ ಮೂಟೆ ಇರುತ್ತಿತ್ತು, ಅದರ ಮೇಲೆ ಹಾಸಿಗೆಯ ಸುರುಳಿಗಳು. ನಾನು ಮೂಟೆ ಎಳೆಯುವುದನ್ನು ಕಂಡು ಅತ್ತೆ ಬಂದರು. ಅವರದು ತುಳು ಮನೆ. ನಾನು ಕುಂದಾಪುರದ ಕಡೆಯವಳು. ತುಳು ಅರ್ಥವಾಗುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೆ ಅತ್ತೆ ನನ್ನೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದರು.

"ಮಕ್ಕಳಿಗೆ ಆಡ್ಲಿಕ್ಕೆ ಬೇರೆ ಜಾಗ ಎಂತಕ್ಕೆ ಮಾರಾಯ್ತಿ? ನಾವೆಲ್ಲ ಆಡ್ಲಿಲ್ವಾ?"

"ನಿಮಗೆ ಅಂಗಳ ಇತ್ತು ಅತ್ತೆ."

"ಹೌದು, ಇತ್ತು. ಇಲ್ಲಿ ಇಲ್ಲ. ಅಕ್ಕಿ ಎಲ್ಲಿ ಇಡುದು, ನಿನ್ನ ತಲೆ ಮೇಲೆಯಾ?"

ಮೂಟೆ ಅರ್ಧಕ್ಕೆ ಸರಿಯಿತು. ಉಳಿದರ್ಧ ಜಾಗಕ್ಕೆ ನಾನು ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದೆ. ಮಗಳು ಒಳಗೆ ನುಸುಳಿ, ಮೊಣಕಾಲು ಎದೆಗೆ ಒತ್ತಿಕೊಂಡು ಕುಳಿತು, ಅಲ್ಲಿಂದಲೇ ಲೋಕಲ್ ಟ್ರೈನು ಹೊರಡಿಸಿದಳು. "ಪುಢೀಲ್ ಸ್ಟೇಷನ್ ಠಾಕುರ್ಲಿ, ಅಗಲಾ ಸ್ಟೇಷನ್ ಠಾಕುರ್ಲಿ" ಎಂದು, ಮುಂದಿನ ನಿಲ್ದಾಣ ಸಾರುವ ರೈಲಿನೊಳಗಿನ ಹೆಂಗಸಿನ ದನಿಯನ್ನೇ ಮರಾಠಿ, ಹಿಂದಿ ಎರಡರಲ್ಲೂ ತಂದಳು. ಗಂಡ ಮಗ್ಗುಲು ಬದಲಿಸಿದರು, ಎಚ್ಚರಾಗಲಿಲ್ಲ. ನನಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು.

ಆ ಟ್ರೈನಿನಲ್ಲಿ ಇನ್ನೊಬ್ಬಳು ಪ್ರಯಾಣಿಕಳಿದ್ದಾಳೆಂದು ನನಗೆ ತಿಳಿದದ್ದು ಒಂದೆರಡು ವಾರದ ನಂತರ. ಮಗಳು ಅವಳಿಗೊಂದು ಹೆಸರನ್ನೂ ಇಟ್ಟಿದ್ದಳು. ಆ ಹೆಸರನ್ನು ಬರೆಯಲು ನನಗೆ ಮನಸ್ಸಿಲ್ಲ. ಗೆಳತಿ ಸಂದಿನ ಒಳಭಾಗದಲ್ಲಿ, ಗೋಡೆಯ ಕಡೆ ಕೂರುತ್ತಿದ್ದಳಂತೆ. ಕಿಟಕಿಯ ಸೀಟು ಅವಳದೇ ಅಂತೆ. ಅವಳಿಗೆ ಗಣಿತ ಬರುತ್ತಿರಲಿಲ್ಲ, ಆದರೆ ಈಜು ಬರುತ್ತಿತ್ತು. ಕೇಳಿ ನಾನು ನಕ್ಕೆ. ಒಂಟಿ ಮಗು, ಜತೆಗೊಬ್ಬಳನ್ನು ಮಾಡಿಕೊಂಡಿದೆ, ಮಾಡಿಕೊಳ್ಳಲಿ ಎಂದುಕೊಂಡೆ.

ಇಲ್ಲಿ ಒಂದು ಕ್ರಮದ ವಿಷಯ ಹೇಳಬೇಕು. ದೀಪಾವಳಿಗೆ ಅತ್ತೆಯ ಮನೆಯವರು ಸತ್ತವರಿಗೆ ಎಡೆ ಬಡಿಸುತ್ತಾರೆ. ಊರಿನಲ್ಲಿ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಅವರು ಉಣ್ಣಲಿ ಎಂದು ಎಲ್ಲರೂ ಹೊರಬಂದು ಬಾಗಿಲು ಮುಚ್ಚುತ್ತಾರೆ. ನಮ್ಮ ಮನೆಯಲ್ಲಿ ಒಳಕೋಣೆ ಎಲ್ಲಿಂದ ಬರಬೇಕು? ಹಾಲಿನಲ್ಲೇ ಎಲೆ ಹಾಕಿ, ನಾವೈವರೂ ಎಡೆಗೆ ಬೆನ್ನುಮಾಡಿ, ಗೋಡೆ ನೋಡುತ್ತ ನಿಲ್ಲುತ್ತಿದ್ದೆವು. ಆ ಸಲ ಮಗಳು ನನ್ನ ಸೆರಗೆಳೆದು ಯಾಕೆ ಎಂದು ಕೇಳಿದಾಗ, "ಕಾಣದವರು ಉಣ್ಣುವಾಗ ನೋಡಬಾರದು" ಎಂದಿದ್ದೆ.

ದೀಪಾವಳಿ ಕಳೆದು ಕೆಲವು ದಿನಗಳಲ್ಲಿ ಅತ್ತೆ ಅಡುಗೆಮನೆಯಿಂದ ಹಾಲಿಗೆ ಬಂದವರು ನಿಂತಲ್ಲೇ ನಿಂತರು. ಸಂದಿನೊಳಗೆ ಸ್ಟೀಲಿನ ಸಣ್ಣ ತಟ್ಟೆ, ಅದರಲ್ಲಿ ಅರ್ಧ ಚಪಾತಿ, ಚಿಟಿಕೆ ಸಕ್ಕರೆ. ಮಗಳು ತಟ್ಟೆಗೆ ಬೆನ್ನುಮಾಡಿ, ಮುಖವನ್ನು ಕಪಾಟಿಗೆ ಒತ್ತಿಕೊಂಡು, ಕಣ್ಣುಮುಚ್ಚಿ ಕುಳಿತಿದ್ದಳು. ಅವಳ ಗೆಳತಿಯೂ ಕಾಣದವಳೇ ತಾನೆ, ನಾನು ಹೇಳಿದ ನಿಯಮವನ್ನು ಅವಳು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ನನಗೆ ಇದು ಆ ಕ್ಷಣವೇ ಹೊಳೆಯಿತು. ಆದರೆ ಅತ್ತೆಯ ಮುಖ ಬಿಳಚಿಕೊಂಡಿತ್ತು.

"ಯಾರಿಗೆ ಬಡಿಸಿದ್ದು ಮಗಾ?"

ಮಗಳು ಗೆಳತಿಯ ಹೆಸರು ಹೇಳಿದಳು.

"ಅವಳು ನಿನಗಿಂತ ಸಣ್ಣದಾ, ದೊಡ್ಡದಾ?"

"ಬಹುತ್ ಬಡೀ ಹೈ." ತುಂಬ ದೊಡ್ಡವಳು ಎಂದಳು. ಮಗಳು ಎಲ್ಲರಿಗೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು.

"ಕಾಲಲ್ಲಿ ಬೆಳ್ಳಿ ಗೆಜ್ಜೆ ಉಂಟಾ?"

ಗೆಜ್ಜೆ ಇದೆಯಾ ಎಂದು ಕೇಳಿದರೆ ಯಾವ ಮಗು ಇಲ್ಲ ಎನ್ನುತ್ತದೆ? ಮಗಳು ಸಂತೋಷದಿಂದ ತಲೆಯಾಡಿಸಿದಳು. ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅತ್ತೆಯ ಚೊಚ್ಚಲ ಮಗು ಹೆಣ್ಣು. ಒಂದೂವರೆ ವರ್ಷದ್ದಿದ್ದಾಗ ಜ್ವರ ಬಂದು ಹೋಗಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ ಹೇಳಿದ್ದರು, ಅಷ್ಟೆ. ಮನೆಯಲ್ಲಿ ಅದರದೊಂದು ಫೋಟೋ ಇರಲಿಲ್ಲ, ಅದರ ಸುದ್ದಿಯೂ ಬರುತ್ತಿರಲಿಲ್ಲ. ಗೆಜ್ಜೆ ಹಾಕಿಯೇ ಕಳಿಸಿದ್ದರೆಂದು ಆ ದಿನ ಅತ್ತೆ ಹೇಳಿದಾಗ ನನಗೂ ಕಣ್ಣು ತುಂಬಿತು. ಆಗ ನಾನು ಅವರ ಪಕ್ಕ ಕೂತು, "ಅತ್ತೆ, ಮಗು ದೀಪಾವಳಿಗೆ ಕಂಡದ್ದನ್ನು ಆಡ್ತಾ ಇದೆ" ಎಂದು ಹೇಳಬೇಕಿತ್ತು. ಹೇಳುವ, ನಾಳೆ ಹೇಳುವ ಎಂದುಕೊಂಡೆ.

ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಕ್ಕಿ ಮೂಟೆ ಅಡುಗೆಮನೆಯ ಕಟ್ಟೆಯ ಕೆಳಗೆ ಹೋಗಿತ್ತು. ಸಂದು ಪೂರ್ತಿ ಖಾಲಿ. ನೆಲ ಒರೆಸಿ, ಹೊಸ ಚಾಪೆ ಹಾಸಿತ್ತು. ಅರವತ್ತು ದಾಟಿದ ಹೆಂಗಸು ಒಬ್ಬರೇ ಆ ಮೂಟೆ ಎಳೆದಿದ್ದರು. ಮಗಳು ಒಳಗೆ ಕಾಲು ಚಾಚಿ ಕೂತಿದ್ದಳು, ಹುಟ್ಟಿದಂದಿನಿಂದ ಮೊದಲ ಬಾರಿಗೆ ಆ ಮನೆಯಲ್ಲಿ ಅವಳು ಕಾಲು ಚಾಚಿ ಆಡುವುದನ್ನು ನಾನು ಕಂಡೆ. ಅದನ್ನು ನೋಡಿದ ಮೇಲೆ ನನ್ನ ಬಾಯಿ ಹೊಲಿದಂತಾಯಿತು.

ಆ ಚಳಿಗಾಲ, ಆ ಬೇಸಿಗೆ ನಮ್ಮ ಮನೆಯ ಒಳ್ಳೆಯ ಕಾಲ. ಗಂಡ ಕಂಪ್ಯೂಟರ್ ಟೇಬಲ್ ತಂದು ಅಲ್ಲಿಡುತ್ತೇನೆಂದರು. "ಆ ಜಾಗ ಮುಟ್ಟಿದ್ರೆ ನೋಡು" ಎಂದು ಅತ್ತೆ ಹರಿಹಾಯ್ದರು. ಟೇಬಲ್ ಬರಲಿಲ್ಲ. ಮೈದುನ ಅಲ್ಲಿ ಹೆಲ್ಮೆಟ್ ಎಸೆದರೆ ಅತ್ತೆ ಎತ್ತಿ ಅವನ ಮಡಿಲಿಗೇ ಹಾಕುತ್ತಿದ್ದರು. ಮಗಳು ಪರದೆಯ ಹಿಂದೆ ಮಾತಾಡಲು ಶುರುಮಾಡಿದರೆ ಟೀವಿಯ ದನಿ ತಾನಾಗಿ ತಗ್ಗುತ್ತಿತ್ತು. ಆ ಸಂದು ಶಾಲೆಯಾಯಿತು, ದೋಣಿಯಾಯಿತು, ಸಮುದ್ರದ ತಳವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ. ಅತ್ತೆ ಪರದೆಯ ಈಚೆ ಅಕ್ಕಿ ಆರಿಸುತ್ತ ಕೂತು ಒಳಗಿನ ಮಾತಿಗೆ ಕಿವಿಗೊಡುತ್ತಿದ್ದರು. ಎರಡನೆಯ ದನಿ ಕೇಳೀತೆಂದು ಕಾಯುತ್ತಿದ್ದರೋ ಏನೋ. ಅವರ ದುಃಖವನ್ನು ನಾನು ಬೇಲಿಯಾಗಿ ಬಳಸಿಕೊಳ್ಳುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯೂ ಆಗುತ್ತಿತ್ತು.

ಮೈದುನನಿಗೆ ಮೂವತ್ತೆರಡು ತುಂಬಿತ್ತು. ಹೆಣ್ಣು ಕೂಡಿಬರುತ್ತಿರಲಿಲ್ಲ. ಘೋಡಬಂದರ್ ರಸ್ತೆಯ ಒಂದು ಸಂಬಂಧ ಮಾತುಕತೆಯವರೆಗೆ ಬಂದು, ನಮ್ಮ ಮನೆ ನೋಡಿದ ಮೇಲೆ ಮುರಿಯಿತು. ಐದು ಜನರ ಒಂದು ಕೋಣೆಗೆ ಆರನೆಯವಳಾಗಿ ಬರಲು ಯಾವ ಹುಡುಗಿ ಒಪ್ಪುತ್ತಾಳೆ? ಕಾರಣ ಕಣ್ಣೆದುರೇ ಇತ್ತು. ಆದರೆ ಅತ್ತೆ ಠಾಣೆಯ ವರ್ತಕ ನಗರಕ್ಕೆ ಹೋದರು. ಅಲ್ಲಿ ನೆಂಟರೊಬ್ಬರ ಮನೆಗೆ ಊರಿನ ಜೋಯಿಸರು ಬಂದಿದ್ದರು. ಕವಡೆ ಇಟ್ಟು ಪ್ರಶ್ನೆ ನೋಡಿದರು. ಅತ್ತೆ ಸಂದಿನ ವಿಷಯವನ್ನೆಲ್ಲ ಮೊದಲೇ ಹೇಳಿಬಿಟ್ಟಿದ್ದರಿಂದ ಜೋಯಿಸರಿಗೆ ಕಷ್ಟವಾಗಲಿಲ್ಲ. ಮನೆಯ ಹಿರಿಯ ಹೆಣ್ಣು ಮದುವೆಯಿಲ್ಲದೆ ಕೂತಿರುವಾಗ ಕಿರಿಯವನಿಗೆ ಹೇಗೆ ಆಗುತ್ತದೆ ಎಂದರು. ಹಾಗಾದರೆ ನನ್ನ ಗಂಡನಿಗೆ ಆದದ್ದು ಹೇಗೆಂದು ಯಾರೂ ಕೇಳಲಿಲ್ಲ.

ತುಳುನಾಡಿನವರಿಗೆ ಇದು ಹೊಸತಲ್ಲ. ಚಿಕ್ಕಂದಿನಲ್ಲಿ ಸತ್ತ ಮಕ್ಕಳು ಸತ್ತವರ ಲೋಕದಲ್ಲಿಯೂ ಬೆಳೆಯುತ್ತಾರೆ, ಅವರಿಗೂ ಮದುವೆಯ ಪ್ರಾಯ ಬರುತ್ತದೆ. ಆಗ ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಶಾಸ್ತ್ರಪ್ರಕಾರ ಧಾರೆ ಎರೆಯುತ್ತಾರೆ. ಕುಲೆ ಮದುವೆ, ಎಂದರೆ ಪ್ರೇತಗಳ ಮದುವೆ, ಎನ್ನುತ್ತಾರೆ ಅದಕ್ಕೆ. ನಾನು ಕೇಳಿದ್ದೆ, ನಮ್ಮ ಮನೆಯಲ್ಲೇ ಆಗುತ್ತದೆಂದು ಎಣಿಸಿರಲಿಲ್ಲ.

ಹುಡುಗ ಸಿಕ್ಕಿದ್ದು ಕಲ್ಯಾಣದಲ್ಲಿ. ಎಂಟು ವರ್ಷಕ್ಕೆ ಹೊಳೆಯಲ್ಲಿ ಮುಳುಗಿ ಹೋದವನು. ಇದ್ದಿದ್ದರೆ ನಲವತ್ತರ ಹತ್ತಿರ. ಅವನ ತಂದೆತಾಯಿ ಒಂದು ಭಾನುವಾರ ಹೆಣ್ಣು ನೋಡಲು ಬಂದರು. ಅತ್ತೆ ಉಪ್ಪಿಟ್ಟು, ಶಿರಾ ಮಾಡಿದ್ದರು. ಬಂದವರು ಮಂಚದ ತುದಿಯಲ್ಲಿ ಕೂತು ಕಾಫಿ ಕುಡಿದರು. ಆಮೇಲೆ ಹುಡುಗನ ತಾಯಿ ಮೆಲ್ಲಗೆ ಕೇಳಿದರು, "ಹುಡುಗಿ ಎಲ್ಲಿ?"

ಎಲ್ಲರೂ ಸಂದಿನ ಕಡೆ ನೋಡಿದೆವು. ಮಗಳು ಪರದೆ ಸರಿಸಿ ತಲೆ ಹೊರಹಾಕಿ, ಅವಳಿಗೆ ನಾಚಿಕೆ ಆಗ್ತಿದೆ, "ಶರ್ಮಾ ರಹೀ ಹೈ" ಎಂದಳು. ಇಬ್ಬರು ತಾಯಂದಿರೂ ನಕ್ಕರು, ನಗುತ್ತಲೇ ಅತ್ತರು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಆ ಕೋಣೆಯಲ್ಲಿ ಸುಳ್ಳು ಎಂದರೆ ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಒಬ್ಬಳೇ.

ಅವರು ಹೋದ ಮೇಲೆ ಮಗಳು ಕುಣಿದಾಡಿದಳು. "ಮಮ್ಮಿ, ಸಬ್ ಲೋಗ್ ಖೇಲ್ ರಹೇ ಹೈಂ! ಅಜ್ಜಿ ಭೀ!" ಎಲ್ಲರೂ ತನ್ನ ಆಟಕ್ಕೆ ಸೇರಿಕೊಂಡರೆಂದು ಅವಳ ಲೆಕ್ಕ. ಆರು ವರ್ಷ "ಆಚೆ ಹೋಗು" ಎಂದವರೆಲ್ಲ ಈಗ ಅವಳ ಗೆಳತಿಯ ಸೀರೆಯ ಬಣ್ಣ ಚರ್ಚಿಸುತ್ತಿದ್ದರು. ಅವಳು ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಎರಡು ಹಾರ ಮಾಡಿದಳು. ನಾನು ಗಂಡನಿಗೆ ನಿಜ ಹೇಳಿದೆ. "ಅಮ್ಮನಿಗೆ ಸಮಾಧಾನ ಆಗ್ತದಲ್ಲ, ಬಿಡು" ಎಂದರು. ಮತ್ತೊಂದು ಸಂಜೆ ಧೈರ್ಯಮಾಡಿ ಅತ್ತೆಯ ಬಳಿ ಹೋದೆ. ಅವರು ಮದುಮಗಳಿಗೆಂದು ತಂದ ಹಸಿರು ಸೀರೆಯನ್ನು ನೆಲದ ಮೇಲೆ ಹರಡಿ, ಅಂಚನ್ನು ಅಂಗೈಯಿಂದ ನೇವರಿಸುತ್ತಿದ್ದರು. "ಬಣ್ಣ ಹೇಗುಂಟು?" ಎಂದರು. "ಚೆಂದ ಉಂಟು ಅತ್ತೆ" ಎಂದೆ.

ಆಟಿಯಲ್ಲಿ ಅತ್ತೆ, ಗಂಡ, ಹುಡುಗನ ಕಡೆಯವರು ಊರಿಗೆ ಹೊರಟರು. ಅಂಥ ಮದುವೆಯನ್ನು ಮಕ್ಕಳೂ ಮದುವೆಯಾಗದವರೂ ನೋಡುವಂತಿಲ್ಲ. ಮೈದುನ ಹೋಟೆಲಿನಲ್ಲಿ ಉಳಿದ, ನಾನು ಮಗಳೊಂದಿಗೆ ಮನೆಯಲ್ಲಿ ಉಳಿದೆ. ಮದುಮಗಳನ್ನು ಬಲ್ಲವಳು ಅವಳೊಬ್ಬಳೇ, ಅವಳಿಗೇ ಕರೆಯಿಲ್ಲ. ಕಾಗದದ ಹಾರಗಳನ್ನು ಅಜ್ಜಿಯ ಚೀಲಕ್ಕೆ ತಾನೇ ತುರುಕಿ ಕಳಿಸಿದಳು. ಊರಿನಲ್ಲಿ ಎರಡು ಕುರ್ಚಿ ಇಟ್ಟು, ಒಂದಕ್ಕೆ ಪಂಚೆ, ಒಂದಕ್ಕೆ ಸೀರೆ ಉಡಿಸಿ ಧಾರೆ ಎರೆದರಂತೆ. ಊಟಕ್ಕೆ ಪಾಯಸ ಇತ್ತಂತೆ. ಅತ್ತೆ ಹಿಂದಿರುಗಿದಾಗ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

ಮಗಳು ಸಂದಿನೊಳಗೆ ಕಾಯುತ್ತಿದ್ದಳು. ಅತ್ತೆ ಅವಳನ್ನು ಎಬ್ಬಿಸಿ ಲಾಡು ಕೊಟ್ಟರು.

"ಇನ್ನು ಅವಳು ಇಲ್ಲಿಗೆ ಬರುದಿಲ್ಲ ಮಗಾ. ಗಂಡನ ಮನೆಗೆ ಹೋದಳು. ಕರೀಬಾರ್ದು ಆಯ್ತಾ? ಕರೆದ್ರೆ ಅವಳಿಗೆ ಒಳ್ಳೇದಲ್ಲ."

ಹೇಳಿದವರೇ ಪರದೆ ಬಿಚ್ಚಿದರು. ನೆಲಕ್ಕೆ ಅರಸಿನದ ನೀರು ಹಾಕಿ ಒರೆಸಿದರು. ಸಂಜೆಗೆ ಅಕ್ಕಿ ಮೂಟೆ ಹಳೆಯ ಜಾಗಕ್ಕೆ ಬಂದು ಕೂತಿತು. ಮಗಳು ಲಾಡು ಹಿಡಿದು ನಿಂತೇ ಇದ್ದಳು, ತಿನ್ನಲಿಲ್ಲ. ನಾನು ಅಲ್ಲಿಯೇ ಇದ್ದೆ. ಏನನ್ನಾದರೂ ತಡೆಯಬಹುದಿತ್ತು, ತಡೆಯಲಿಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಿಂಗಳ ನಂತರ ಒಂದು ಪ್ರಶ್ನೆ ಕೇಳಿದಳು: ಕಲ್ಯಾಣ ಎರಡೇ ಸ್ಟೇಷನ್ ದೂರ ತಾನೆ, ನೋಡಿಕೊಂಡು ಬರಬಹುದಲ್ಲ? ನಾನು ಶನಿವಾರ ಅವಳನ್ನು ಕರೆದುಕೊಂಡು ಹೋದೆ. ಹುಡುಗನ ತಾಯಿ ಬೀಗರು ಬಂದರೆಂದು ಸಂಭ್ರಮಪಟ್ಟರು, ಚಕ್ಕುಲಿ ಕೊಟ್ಟರು. "ಸೊಸೆ ಸುಖವಾಗಿದ್ದಾಳೆ" ಎಂದು ದೇವರ ಗೂಡಿನ ಕೆಳಗಿನ ಒಂದು ಕಪಾಟು ತೆರೆದು ತೋರಿಸಿದರು. ಮಡಚಿದ ಹಸಿರು ಸೀರೆ, ಪಂಚೆ, ಒಂದು ತಟ್ಟೆಯಲ್ಲಿ ಕುಂಕುಮ, ಬಳೆ. ಮಗಳು ಬಗ್ಗಿ ಒಳಗೆ ಬಹಳ ಹೊತ್ತು ನೋಡಿದಳು. ಬಾಗಿಲು ಮುಚ್ಚಿದರೆ ಒಳಗೆ ಗಾಳಿಯೂ ಆಡದಷ್ಟು ಸಣ್ಣ ಕಪಾಟು. ಎದ್ದು ನಿಂತು, ಹೋಗುವ ಎಂದು ನನ್ನ ಕೈಹಿಡಿದಳು.

ಹಿಂದಿರುಗುವ ಲೋಕಲಿನಲ್ಲಿ ನಾನು ಕೊನೆಗೂ ಬಾಯಿಬಿಟ್ಟೆ. ಅಲ್ಲಿ ಅವಳಿಲ್ಲ, ಅಜ್ಜಿ ಎಣಿಸಿದ್ದು ಬೇರೆ ಯಾರನ್ನೋ, ನಿನ್ನ ಗೆಳತಿಯನ್ನು ನೀನೇ ಮಾಡಿದ್ದು, ಅವಳು ನಿನ್ನವಳು, ಯಾರ ಮನೆಗೂ ಹೋಗಿಲ್ಲ ಎಂದೆ. ಅವಳು ಕೇಳಿಸಿಕೊಂಡಳು.

"ಆಪ್‌ಕೋ ಪತಾ ಥಾ?" ನಿನಗೆ ಗೊತ್ತಿತ್ತಾ?

"ಗೊತ್ತಿತ್ತು."

"ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು. ನಿನ್ನ ಜಾಗ ಉಳಿಯಲಿ ಎಂದು, ಎನ್ನಬೇಕೆಂದಿದ್ದೆ. ಯಾವ ಜಾಗ? ಡೊಂಬಿವಲಿ ಬಂತು, ಇಳಿಯುವವರ ನೂಕಿನಲ್ಲಿ ನಾನು ಅವಳನ್ನು ಮುಂದೆ ತಳ್ಳಿಕೊಂಡು ಇಳಿದೆ.

ಆ ವರ್ಷವೇ ಮೈದುನನಿಗೆ ಹೆಣ್ಣು ಕೂಡಿಬಂತು. ಅತ್ತೆಯ ನಂಬಿಕೆಯ ಎದುರು ಇನ್ನು ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಮೂಟೆ ಮತ್ತೆ ಅಡುಗೆಮನೆಗೆ ಹೋಯಿತು, ಹೊಸ ಮದುಮಗಳ ಕಪಾಟು ಆ ಸಂದಿನಲ್ಲಿ ಬಂದು ನಿಂತಿತು. ಹಾಲಿಗೆ ಅಡ್ಡಲಾಗಿ ರಾತ್ರಿ ಹೊತ್ತು ಎಳೆಯುವ ಪರದೆ ಬಂತು. ಆರು ಜನ ಒಬ್ಬರನ್ನೊಬ್ಬರು ದಾಟಿಕೊಂಡು ಬದುಕುವುದನ್ನು ಕಲಿತೆವು. ಮಗಳು ಶಾಲೆಯಿಂದ ಬಂದು ಟೀವಿಯ ಮುಂದೆ ಕೂರುತ್ತಿದ್ದಳು, ಯಾರಾದರೂ ಆಚೆ ಹೋಗು ಎಂದರೆ ಎದ್ದು ಆಚೆ ಹೋಗುತ್ತಿದ್ದಳು. ಎಷ್ಟು ಒಳ್ಳೆಯ ಮಗು ಎಂದು ಬಂದವರೆಲ್ಲ ಹೊಗಳುತ್ತಿದ್ದರು. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ತಡೆಯಲಾಗಲಿಲ್ಲ. ಮಂಚದ ಅಡಿಯಿಂದ ಟ್ರಂಕುಗಳನ್ನು ಎಳೆದು ಕಪಾಟಿನ ನೆತ್ತಿಗೆ ಹೇರಿದೆ. ಬೆನ್ನು ಹಿಡಿದುಕೊಂಡಿತು. ನೆಲ ಒರೆಸಿ ಚಾಪೆ ಹಾಸಿ, ಮಂಚದ ಅಂಚಿಗೆ ದುಪ್ಪಟ್ಟಾ ಇಳಿಬಿಟ್ಟೆ. ಅತ್ತೆ ಗೊಣಗಿದರು, ಕಿವಿಗೊಡಲಿಲ್ಲ. ಮಗಳನ್ನು ಕರೆದು, ನೋಡು, ಇದು ಇಡೀ ನಿನ್ನದು, ಮೊದಲಿನದಕ್ಕಿಂತ ದೊಡ್ಡದು, ಹೊಸ ಗೆಳತಿಯನ್ನು ಕರಕೋ ಎಂದೆ.

ಅವಳಿಗೆ ಆಗ ಏಳು ತುಂಬಿತ್ತು. ಮೊಣಕಾಲೂರಿ ಕೂತು, ದುಪ್ಪಟ್ಟಾ ಎತ್ತಿ ಒಳಗೆ ನೋಡಿದಳು. ನನಗೆ ಬೇಸರವಾಗಬಾರದೆಂದು ಸ್ವಲ್ಪ ಹೊತ್ತು ನೋಡಿದಳೆಂದು ಕಾಣುತ್ತದೆ. ಆಮೇಲೆ ದುಪ್ಪಟ್ಟಾವನ್ನು ಮೊದಲಿದ್ದಂತೆಯೇ ಇಳಿಬಿಟ್ಟು ನನ್ನ ಕಡೆ ತಿರುಗಿದಳು.

"ಬೇಡ ಮಮ್ಮಿ. ಇನ್ನೊಬ್ಬಳು ಬಂದ್ರೆ, ಅವಳದ್ದೂ ಶಾದಿ ಮಾಡಿ ಕಳಿಸ್ತೀರಿ."